ಮೊದಲ ತಿರುವಿನ ಆ ‘ಕಟ್’ ಸದ್ದು

ಹೋದ ವರ್ಷ ನನ್ನ ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರ್. ಆ ಆರು ವಾರದಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಯೋಚಿಸಿದ್ದು ಮುಚ್ಚಳಗಳ ಬಗ್ಗೆ. ಎರಡೂ ಕೈ ಸರಿಯಿದ್ದಾಗ ಮುಚ್ಚಳ ಕಣ್ಣಿಗೇ ಬೀಳುವುದಿಲ್ಲ. ಒಂದು ಕೈ ಕೆಲಸ ನಿಲ್ಲಿಸಿದರೆ ಸಾಕು, ಮನೆಯ ಪ್ರತಿ ಡಬ್ಬಿ, ಪ್ರತಿ ಬಾಟಲಿ, ಪ್ರತಿ ಟ್ಯೂಬೂ ‘ಎಲ್ಲಿ, ತೆಗಿ ನೋಡೋಣ’ ಅಂತ ಎದುರು ನಿಲ್ಲುತ್ತದೆ.

ಮೊದಲ ವಾರದ ಒಂದು ಬೆಳಿಗ್ಗೆ ಹಾಲಿನ ರಟ್ಟಿನ ಡಬ್ಬಿ ತೆಗೆಯಬೇಕಿತ್ತು. ಮೇಲೆ ತಿರುಪು ಮುಚ್ಚಳ. ಎಡಗೈಯಲ್ಲಿ ಹೇಗೋ ತಿರುಗಿಸಿ ತೆಗೆದೆ. ನೋಡಿದರೆ ಒಳಗೆ ಇನ್ನೊಂದು ಸೀಲ್, ಅದಕ್ಕೊಂದು ಪುಟ್ಟ ಪ್ಲಾಸ್ಟಿಕ್ ಉಂಗುರ. ಅದರೊಳಗೆ ಬೆರಳು ತೂರಿಸಿ ಎಳೆಯಬೇಕು. ಎಳೆದರೆ ಡಬ್ಬಿಯೇ ಎದ್ದು ಬರುತ್ತದೆ. ಹಿಡಿದುಕೊಳ್ಳಲು ಇನ್ನೊಂದು ಕೈ ಇಲ್ಲ. ಪ್ಲಾಸ್ಟರ್ ಹಾಕಿದ ಕೈಯ ಮೊಣಕೈಯಿಂದ ಒತ್ತಿ ಹಿಡಿದು ಜೋರಾಗಿ ಎಳೆದೆ. ಉಂಗುರ ಮಾತ್ರ ಕಿತ್ತು ಬಂತು. ಸೀಲ್ ಹಾಗೇ ಕೂತಿತ್ತು. ಆಮೇಲೆ ಚಾಕು ತಂದು ಚುಚ್ಚಿದೆ. ಚಾಕು ಜಾರಿತು, ಡಬ್ಬಿ ಮಗುಚಿತು, ಅರ್ಧ ಹಾಲು ನೆಲಕ್ಕೆ ಹೋಯಿತು. ಎಡಗೈ ಒಂದರಲ್ಲೇ ನೆಲ ಒರೆಸುತ್ತಾ ಕೂತಿದ್ದಾಗ ನನಗೆ ಬಂದ ಸಿಟ್ಟು ಹಾಲು ಹೋಯಿತು ಅಂತಲ್ಲ. ಈ ಡಬ್ಬಿ ಮಾಡಿದವರ ಲೆಕ್ಕದಲ್ಲಿ ನನ್ನಂಥ ಕೈ ಇರಲೇ ಇಲ್ಲವಲ್ಲ ಅಂತ.

ಕೆಲವು ದಿನ ಬಿಟ್ಟು ಮನೆಗೆ ಬೇರೆ ಥರದ ಡಬ್ಬಿ ಬಂತು. ಮತ್ತೆ ಅದೇ ಭಯ. ಡಬ್ಬಿಯನ್ನು ಗೋಡೆಗೆ ಆನಿಸಿ ಇಟ್ಟು, ಎಡಗೈಯಲ್ಲಿ ಮುಚ್ಚಳ ತಿರುಗಿಸಿದೆ. ಮೊದಲು ಸ್ವಲ್ಪ ಬಿಗಿ. ಆಮೇಲೆ ‘ಕಟ್’ ಅಂತ ಒಂದು ಸದ್ದು, ನಂತರ ಏನೋ ಹರಿದ ಹಾಗೆ ಸಣ್ಣ ಸರಸರ. ಮುಚ್ಚಳ ಕೈಗೆ ಬಂತು. ಒಳಗೆ ಉಂಗುರಕ್ಕಾಗಿ ಹುಡುಕಿದೆ. ಉಂಗುರವೂ ಇಲ್ಲ, ಸೀಲೂ ಇಲ್ಲ. ಬಗ್ಗಿಸಿದರೆ ಹಾಲು ಬಂತು. ಒಂದೇ ತಿರುವು ಸಾಕಾಯಿತು.

ಆ ಡಬ್ಬಿ ಖಾಲಿಯಾದ ದಿನ ಅದನ್ನು ಮೇಜಿನ ಮೇಲಿಟ್ಟು, ಮನೆಯವರಿಂದ ಕತ್ತರಿ ಹಾಕಿಸಿ, ಮುಚ್ಚಳದ ಸುತ್ತಲಿನ ಭಾಗವನ್ನು ಬಿಡಿಸಿ ತೆಗೆಸಿದೆ. ಅಲ್ಲಿ ಕಂಡದ್ದನ್ನು ನಿಮಗೆ ಹೇಳಲೇಬೇಕು.

ಹೊರಗಿನಿಂದ ಒಂದೇ ಮುಚ್ಚಳದ ಹಾಗೆ ಕಾಣುವ ಆ ವಸ್ತುವಿನಲ್ಲಿ ಮೂರು ಭಾಗಗಳಿವೆ. ಕೆಳಗೆ ಡಬ್ಬಿಗೆ ಅಂಟಿಸಿದ ಕತ್ತು. ಮೇಲೆ ನಾವು ತಿರುಗಿಸುವ ಮುಚ್ಚಳ. ಇವೆರಡರ ನಡುವೆ, ಕತ್ತಿನ ಒಳಗೆ, ಯಾರ ಕಣ್ಣಿಗೂ ಬೀಳದ ಹಾಗೆ ಒಂದು ಸಣ್ಣ ಬಳೆ. ಆ ಬಳೆಯ ಕೆಳಅಂಚಿನಲ್ಲಿ ಚೂಪಾದ ಹಲ್ಲುಗಳು. ಈ ಬಳೆಯೇ ಇಡೀ ಕೆಲಸದ ಜೀವ.

ನಾವು ಮುಚ್ಚಳವನ್ನು ಎಡಕ್ಕೆ ತಿರುಗಿಸಿದಾಗ ಮುಚ್ಚಳ ಮೇಲಕ್ಕೆ ಬರುತ್ತದೆ. ಅದರ ಒಳಗಿನ ಸಣ್ಣ ಏಣುಗಳು ಬಳೆಯನ್ನೂ ತಮ್ಮ ಜೊತೆಗೆ ತಿರುಗಿಸುತ್ತವೆ. ಆದರೆ ಬಳೆ ಕೂತಿರುವ ಥ್ರೆಡ್, ಅಂದರೆ ತಿರುಪಿನ ಸುತ್ತು, ಮುಚ್ಚಳದ ಥ್ರೆಡ್‌ಗೆ ಉಲ್ಟಾ. ಹಾಗಾಗಿ ಅದೇ ಎಡ ತಿರುವಿಗೆ ಬಳೆ ಕೆಳಕ್ಕೆ ಇಳಿಯುತ್ತದೆ. ಒಂದು ಕೈಯ ಒಂದೇ ತಿರುವು, ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ! ಇಳಿದ ಬಳೆಯ ಹಲ್ಲು ಮೊದಲು ಸೀಲನ್ನು ಚುಚ್ಚುತ್ತದೆ, ಆಮೇಲೆ ಸುತ್ತಲೂ ಕೊಯ್ಯುತ್ತದೆ. ಇದು ಹೊಳೆದಾಗ ನಾನು ಆ ಬಳೆಯನ್ನು ಎಷ್ಟು ಸಲ ತಿರುಗಿಸಿ ನೋಡಿದೆನೋ ಲೆಕ್ಕವಿಲ್ಲ. ಎಲ್ಲ ಕಂಪನಿಯವರದೂ ಇದೇ ರೀತಿ ಇರುವುದಿಲ್ಲ, ವಿವರಗಳು ಬೇರೆ ಬೇರೆ. ನನ್ನ ಕೈಗೆ ಸಿಕ್ಕಿದ್ದು ಹೀಗಿತ್ತು.

ಇನ್ನೊಂದು ವಿಷಯ. ಸೀಲ್ ಪೂರ್ತಿ ವೃತ್ತವಾಗಿ ಕೊಯ್ದಿರಲಿಲ್ಲ. ಒಂದು ಕಡೆ ಸ್ವಲ್ಪ ಉಳಿದಿತ್ತು. ಕೊಯ್ದ ಬಿಲ್ಲೆ ಆ ಜಾಗದಲ್ಲಿ ಬಾಗಿಲಿನ ಹಾಗೆ ಪಕ್ಕಕ್ಕೆ ಮಡಚಿಕೊಂಡು ನೇತಾಡುತ್ತಿತ್ತು. ಪೂರ್ತಿ ಕೊಯ್ದಿದ್ದರೆ ಅದು ಹಾಲಿಗೆ ಬೀಳುತ್ತಿತ್ತು, ಅಲ್ವಾ? ಎಲ್ಲಿ ನಿಲ್ಲಿಸಬೇಕು ಅಂತ ಯಾರೋ ಕೂತು ಯೋಚಿಸಿದ್ದಾರೆ. ಮುಚ್ಚಳವನ್ನು ಮತ್ತೆ ಹಾಕಿ ತಿರುಗಿಸಿದೆ. ಈ ಸಲ ಬಳೆ ಅಲುಗಾಡಲಿಲ್ಲ. ತನ್ನ ಕೆಲಸ ಮುಗಿಸಿ, ಕೊಯ್ದ ಬಿಲ್ಲೆಯನ್ನು ಪಕ್ಕಕ್ಕೆ ಒತ್ತಿ ಹಿಡಿದು ಅಲ್ಲೇ ಕೂತಿತ್ತು.

ಇಷ್ಟೆಲ್ಲ ಯಾಕೆ, ಬಾಟಲಿಗೆ ಹಾಕಿದ ಹಾಗೆ ತೂತು ಮಾಡಿ ಮುಚ್ಚಳ ಹಾಕಿದರೆ ಆಗದೇ ಅಂತ ನನಗೂ ಅನಿಸಿತ್ತು. ಉತ್ತರ ಡಬ್ಬಿಯ ಒಳಗಿದೆ. ತಿಂಗಳುಗಟ್ಟಲೆ ಫ್ರಿಜ್ ಇಲ್ಲದೆ ಇಡುವ ಹಾಲನ್ನು ಸುಮಾರು 135ರಿಂದ 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲವೇ ಸೆಕೆಂಡು ಕಾಯಿಸುತ್ತಾರೆ. ಡಬ್ಬಿಯ ಹಾಳೆಯನ್ನು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಶುದ್ಧ ಮಾಡುತ್ತಾರೆ. ಹೊರಗಿನ ಗಾಳಿ ಸೋಕದ ಜಾಗದಲ್ಲಿ ತುಂಬಿ ಸೀಲ್ ಮಾಡುತ್ತಾರೆ. ಈ ವಿಧಾನವನ್ನು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಫುಡ್ ಟೆಕ್ನಾಲಜಿಸ್ಟ್ಸ್ 1989ರಲ್ಲಿ ಹಿಂದಿನ 50 ವರ್ಷಗಳ ಅತಿ ಮುಖ್ಯ ಆಹಾರ ವಿಜ್ಞಾನ ಸಾಧನೆ ಅಂತ ಕರೆದಿತ್ತು. ಹಾಲು ಕೆಡದೆ ಇರುವುದು ಒಳಗೆ ಅದನ್ನು ಕೆಡಿಸುವ ಸೂಕ್ಷ್ಮಜೀವಿಗಳು ಇಲ್ಲದ ಕಾರಣಕ್ಕೆ. ಒಂದು ಕೂದಲೆಳೆಯಷ್ಟು ಸಂದಿ ಇದ್ದರೂ ಆ ಶ್ರಮವೆಲ್ಲ ವ್ಯರ್ಥ.

ಈ ಡಬ್ಬಿಯ ಗೋಡೆ ಸಾಮಾನ್ಯವಾಗಿ ಆರು ಪದರದ್ದು. ಹೆಚ್ಚುಪಾಲು ರಟ್ಟು, ಜೊತೆಗೆ ಪಾಲಿಥೀನ್ ಪದರಗಳು, ನಡುವೆ ಅಲ್ಯುಮಿನಿಯಂ ಹಾಳೆ. ಆ ಹಾಳೆಯ ದಪ್ಪ ಆರೇಳು ಮೈಕ್ರಾನ್ ಮಾತ್ರ. ನಮ್ಮ ತಲೆಕೂದಲಿನ ಹತ್ತರಲ್ಲಿ ಒಂದು ಪಾಲು. ಬೆಳಕನ್ನೂ ಆಮ್ಲಜನಕವನ್ನೂ ತಡೆಯುವುದು ಅದೇ. ಮುಚ್ಚಳ ಬರುವ ಜಾಗದಲ್ಲಿ ರಟ್ಟಿಗೆ ಮಾತ್ರ ಮೊದಲೇ ತೂತು ಹೊಡೆದಿರುತ್ತಾರೆ. ಆಮೇಲೆ ಅದರ ಮೇಲೆ ಪ್ಲಾಸ್ಟಿಕ್, ಅಲ್ಯುಮಿನಿಯಂ ಪದರಗಳನ್ನು ಅಂಟಿಸುತ್ತಾರೆ. ಅಲ್ಲಿ ರಟ್ಟು ಇಲ್ಲ, ಸೀಲ್ ಮಾತ್ರ ಇದೆ. ಹಾಲು ತುಂಬಿ ಮುಗಿದ ಮೇಲೆ ಮುಚ್ಚಳದ ಕತ್ತನ್ನು ಹೊರಗಿನಿಂದ ಬಿಸಿ ಅಂಟಿನಲ್ಲಿ ಕೂರಿಸಬಹುದು. ಅಂದರೆ ನಾವು ತಿರುಗಿಸುವ ಕ್ಷಣದವರೆಗೂ ಮುಚ್ಚಳಕ್ಕೂ ಹಾಲಿಗೂ ಸಂಬಂಧವೇ ಇಲ್ಲ. ಕಾಯುವ ಕೆಲಸ ಸೀಲಿನದು, ತೆರೆಯುವ ಕೆಲಸ ಮುಚ್ಚಳದ್ದು. ಎರಡೂ ಒಂದರ ಕೆಲಸಕ್ಕೆ ಒಂದು ಅಡ್ಡ ಬರುವುದಿಲ್ಲ.

ಕೊಯ್ಯುವುದೂ ಸುಲಭವಲ್ಲ. ಅಲ್ಯುಮಿನಿಯಂ ಸುಮ್ನೆ ಹರಿಯುತ್ತದೆ, ಪಾಲಿಥೀನ್ ಹರಿಯುವುದಿಲ್ಲ, ಹಿಗ್ಗುತ್ತದೆ. ಹಲ್ಲು ಮೊಂಡಾಗಿದ್ದರೆ ಸೀಲ್ ಕತ್ತರಿಸದೆ ಕೆಳಕ್ಕೆ ಜಗ್ಗುತ್ತದೆ, ನೂಲು ನೂಲಾಗಿ ಎಳೆಗಳು ಉಳಿಯುತ್ತವೆ. ನಿಮ್ಮ ಡಬ್ಬಿಯಿಂದ ಯಾವತ್ತಾದರೂ ಹಾಲು ಸೊಟ್ಟಗೆ, ತಡೆದು ತಡೆದು ಬಂದಿದ್ದರೆ ಒಳಗೆ ಇಣುಕಿ ನೋಡಿ. ಅರ್ಧ ಕೊಯ್ದ ಬಿಲ್ಲೆ ದಾರಿಗೆ ಅಡ್ಡ ನಿಂತಿರಬಹುದು.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಮುಚ್ಚುವ ಕಲೆಯಲ್ಲಿ ಮನುಷ್ಯ ಯಾವಾಗಲೂ ಮುಂದೆ. ತೆರೆಯುವವರ ನೆನಪು ಅವನಿಗೆ ತಡವಾಗಿ ಬರುತ್ತದೆ. ಪೀಟರ್ ಡುರಾಂಡ್ ಇಂಗ್ಲೆಂಡಿನಲ್ಲಿ ತಗಡಿನ ಡಬ್ಬಿಗೆ ಪೇಟೆಂಟ್ ಪಡೆದದ್ದು 1810ರಲ್ಲಿ. ಆ ದಪ್ಪ ಡಬ್ಬಿಗಳನ್ನು ಜನ ಉಳಿ, ಸುತ್ತಿಗೆ ಹಿಡಿದು ಒಡೆಯುತ್ತಿದ್ದರು. ಅಮೆರಿಕದ ಎಜ್ರಾ ವಾರ್ನರ್ ಡಬ್ಬಿ ತೆರೆಯುವ ಸಾಧನಕ್ಕೆ ಪೇಟೆಂಟ್ ಪಡೆದದ್ದು 1858ರಲ್ಲಿ. ನಡುವೆ ಸುಮಾರು ಅರ್ಧ ಶತಮಾನ! ಆಮೇಲೆ ಪಾನೀಯದ ಡಬ್ಬಿಗೆ ಎರ್ಮಲ್ ಫ್ರೇಜ್ ಎಳೆದು ತೆಗೆಯುವ ಪಟ್ಟಿ ತಂದರು, ಅದರ ಪೇಟೆಂಟ್ 1960ರ ದಶಕದ್ದು. ಸಾಧನ ಬೇಡವಾಯಿತು. ಆದರೆ ಕಿತ್ತ ಪಟ್ಟಿಗಳು ಎಲ್ಲೆಂದರಲ್ಲಿ ಬಿದ್ದು ಜನರ ಕಾಲಿಗೆ ಚುಚ್ಚತೊಡಗಿದವು. ಕಿತ್ತು ಬರದೆ ಡಬ್ಬಿಗೇ ಅಂಟಿಕೊಂಡಿರುವ ಪಟ್ಟಿ ಬಂದದ್ದು 1970ರ ದಶಕದಲ್ಲಿ, ಡೇನಿಯಲ್ ಕಡ್ಜಿಕ್ ಅವರಿಂದ. ಅಲ್ಲೂ ಅಷ್ಟೇ, ತೂತಿನ ತುಂಡು ಒಳಕ್ಕೆ ಮಡಚಿಕೊಂಡು ಒಂದು ಕಡೆ ಅಂಟಿಕೊಂಡೇ ಉಳಿಯುತ್ತದೆ. ನನ್ನ ಹಾಲಿನ ಡಬ್ಬಿಯ ಬಿಲ್ಲೆಯನ್ನು ನೋಡಿದಾಗ ಮೊದಲು ನೆನಪಾದದ್ದು ಅದೇ.

ಉಂಗುರದ ಸೀಲ್ ಇರುವ ಡಬ್ಬಿಗೆ ಮುಚ್ಚಳವೇನೋ ಇದೆ, ಆದರೆ ಕಷ್ಟದ ಕೆಲಸವನ್ನು ಅದು ನಮ್ಮ ಬೆರಳಿಗೇ ಬಿಟ್ಟಿದೆ. ಕೀಲುನೋವು ಇರುವವರು, ವಯಸ್ಸಾದವರು, ಲಕ್ವ ಹೊಡೆದು ಒಂದೇ ಕೈ ಉಳಿದವರು ಏನು ಮಾಡಬೇಕು? ನನ್ನದು ಆರು ವಾರದ ಕಷ್ಟ. ಅವರದು ದಿನವೂ ಇರುವಂಥದ್ದು. ಸುಲಭವಾಗಿ ತೆರೆಯುವ ಪ್ಯಾಕಿಂಗ್ ಬಗ್ಗೆ ಐಎಸ್‌ಒ 17480 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ, 2015ರದ್ದು. ಇಂಥದ್ದೊಂದು ಇದೆ ಅನ್ನುವುದೇ ಸಮಾಧಾನ. ಆದರೆ ಕಪಾಟಿನಲ್ಲಿ ಕಾಣುವ ಡಬ್ಬಿಗಳನ್ನು ನೋಡಿದರೆ ಅದನ್ನು ಓದಿದವರು ಕಡಿಮೆ ಅನಿಸುತ್ತದೆ.

ಚುಚ್ಚುವ ಮುಚ್ಚಳವನ್ನೂ ನಾನು ಸುಮ್ನೆ ಹೊಗಳುವುದಿಲ್ಲ. ಅದರ ಮೊದಲ ತಿರುವಿನಲ್ಲಿ ಮೂರು ಭಾರ ಒಟ್ಟಿಗೆ ಬೀಳುತ್ತವೆ. ಯಾರೂ ಮೊದಲೇ ತೆರೆದಿಲ್ಲ ಅಂತ ತೋರಿಸುವ ಮುಚ್ಚಳದ ಸುರಕ್ಷಾ ಪಟ್ಟಿ ಮುರಿಯಬೇಕು, ಹಲ್ಲು ಚುಚ್ಚಬೇಕು, ಆಮೇಲೆ ಕೊಯ್ಯಬೇಕು. ಈ ಮೂರೂ ಒಂದೇ ಕ್ಷಣಕ್ಕೆ ಬಂದರೆ ದುರ್ಬಲ ಕೈಗೆ ಅದೂ ಬೆಟ್ಟವೇ. ಒಂದಾದ ಮೇಲೊಂದು ಬರುವ ಹಾಗೆ ಮಾಡಿದರೆ ಅದೇ ಮುಚ್ಚಳ ಹಗುರಾಗುತ್ತದೆ. ಮುಚ್ಚಳ ತೀರಾ ಚಿಕ್ಕದಾಗಿದ್ದರೆ, ಅಂಚು ನುಣುಪಾಗಿದ್ದರೆ ಹಿಡಿತವೇ ಸಿಗುವುದಿಲ್ಲ. ಇದನ್ನು ಪರೀಕ್ಷಿಸುವವರು ಗಟ್ಟಿ ಕೈಯ ಯುವಕರೇ ಆಗಿದ್ದರೆ ಈ ತೊಂದರೆ ಅವರಿಗೆ ಗೊತ್ತಾಗುವುದೇ ಇಲ್ಲ.

ನಡುವೆ ಒಂದು ಮುಖ್ಯ ಮಾತು, ಔಷಧಿಯ ಬಗ್ಗೆ. ಚುಚ್ಚುವ ಮುಚ್ಚಳ ಅಲ್ಲೂ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಮುಲಾಮಿನ ಅಲ್ಯುಮಿನಿಯಂ ಟ್ಯೂಬಿನ ಬಾಯಿ ಎಷ್ಟೋ ಸಲ ತೆಳು ಪೊರೆಯಿಂದ ಮುಚ್ಚಿರುತ್ತದೆ. ಮುಚ್ಚಳ ತೆಗೆದು ತಿರುವಿ ನೋಡಿ, ಅದರ ನೆತ್ತಿಯಲ್ಲಿ ಒಂದು ಮೊನೆ ಇರುತ್ತದೆ. ಅದನ್ನು ಬಾಯಿಗೆ ಒತ್ತಿದರೆ ತೂತು ಸಿದ್ಧ. ಕೆಲವು ಕಣ್ಣಿನ ಹನಿಯ ಬಾಟಲಿಗಳಲ್ಲಿ ಇನ್ನೂ ವಿಚಿತ್ರ. ಮೊನೆ ಮುಚ್ಚಳದ ಒಳಗೇ ಇರುತ್ತದೆ. ತೆರೆಯಬೇಕಾದರೆ ಮುಚ್ಚಳವನ್ನು ಮೊದಲು ಇನ್ನಷ್ಟು ಬಿಗಿಯಾಗಿ ಕೆಳಕ್ಕೆ ತಿರುಗಿಸಬೇಕು! ಇದು ಗೊತ್ತಿಲ್ಲದೆ ಪಿನ್ನು, ಬ್ಲೇಡು, ಕತ್ತರಿ ಹಿಡಿಯುವವರನ್ನು ನಾನು ನೋಡಿದ್ದೇನೆ. ನಾನೂ ಮಾಡಿದ್ದೇನೆ. ಪಿನ್ನಿನ ಕೊಳೆ ಔಷಧಿಗೆ ಸೇರುತ್ತದೆ. ಬ್ಲೇಡಿನಲ್ಲಿ ತುದಿ ಕತ್ತರಿಸಿದರೆ ಹನಿಯ ಗಾತ್ರವೇ ಬದಲಾಗಬಹುದು. ಕಣ್ಣಿಗೆ ಹಾಕುವ ಔಷಧಿ, ದಯವಿಟ್ಟು ಚೀಟಿ ಓದಿ, ಇಲ್ಲವೇ ಔಷಧಿ ಕೊಟ್ಟವರನ್ನು ಕೇಳಿ. ಮನೆಯ ಹಿರಿಯರಿಗೂ ತೋರಿಸಿಕೊಡಿ.

ಒಂದು ಡಬ್ಬಿಗೆ ಇಷ್ಟು ಪ್ಲಾಸ್ಟಿಕ್ ಬೇಕಾ ಅಂತ ಕೇಳುವವರ ಮಾತಿನಲ್ಲಿ ಹುರುಳಿದೆ. ಮೂರು ಭಾಗದ ಮುಚ್ಚಳ ಅಂದರೆ ಅಷ್ಟು ಪ್ಲಾಸ್ಟಿಕ್ ಜಾಸ್ತಿಯೇ. ಒಂದೇ ಸಲಕ್ಕೆ ಕುಡಿದು ಮುಗಿಸುವ ಸಣ್ಣ ಪೊಟ್ಟಣಕ್ಕೆ ಇದು ಬೇಡ ಅಂತಲೇ ನನ್ನ ಅಭಿಪ್ರಾಯ. ಆದರೆ ನಾಲ್ಕು ದಿನ ಫ್ರಿಜ್‌ನಲ್ಲಿಟ್ಟು ಬಳಸುವ ದೊಡ್ಡ ಡಬ್ಬಿಗೆ ಮತ್ತೆ ಮುಚ್ಚುವ ವ್ಯವಸ್ಥೆ ಬೇಕು. ಮೂಲೆ ಕತ್ತರಿಸಿ ಕ್ಲಿಪ್ ಹಾಕಿಟ್ಟ ಡಬ್ಬಿ ಫ್ರಿಜ್‌ನ ವಾಸನೆಯನ್ನೆಲ್ಲ ಹೀರುತ್ತದೆ, ಮಗುಚಿದರೆ ಚೆಲ್ಲುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈ 3ರಿಂದ, ಒಮ್ಮೆ ಬಳಸಿ ಎಸೆಯುವ ಮೂರು ಲೀಟರ್‌ವರೆಗಿನ ಪಾನೀಯ ಡಬ್ಬಿ, ಬಾಟಲಿಗಳ ಪ್ಲಾಸ್ಟಿಕ್ ಮುಚ್ಚಳ ತೆರೆದ ಮೇಲೂ ಅದಕ್ಕೇ ಅಂಟಿಕೊಂಡಿರಬೇಕು ಅಂತ ನಿಯಮವಿದೆ. ಕೆಲವರಿಗೆ ಅದು ಮೂಗಿಗೆ ತಾಗುತ್ತದೆ ಅಂತ ಕಿರಿಕಿರಿ. ನನಗೆ ಇಷ್ಟವೇ. ಒಂದೇ ಕೈಯಲ್ಲಿ ಕೆಲಸ ಮಾಡುವವರಿಗೆ ಮುಚ್ಚಳ ಉರುಳಿ ಹೋಗದಿದ್ದರೆ ಎಷ್ಟು ನೆಮ್ಮದಿ ಗೊತ್ತಾ!

ನನ್ನ ಅನುಭವದಿಂದ ಒಂದಿಷ್ಟು. ಮುಚ್ಚಳದ ಸುರಕ್ಷಾ ಪಟ್ಟಿ ಮೊದಲೇ ಮುರಿದಿದ್ದರೆ ಆ ಡಬ್ಬಿ ಬೇಡ. ತಿರುಗಿಸುವಾಗ ಡಬ್ಬಿಯ ಹೊಟ್ಟೆ ಹಿಸುಕಬೇಡಿ, ಸೀಲ್ ತೂತಾದ ತಕ್ಷಣ ಹಾಲು ಚಿಮ್ಮುತ್ತದೆ. ಅಂಚುಗಳನ್ನು ಹಿಡಿಯಿರಿ. ಅರ್ಧಕ್ಕೆ ನಿಲ್ಲಿಸದೆ ಒಂದೇ ಸಮನೆ ತಿರುಗಿಸಿ, ಆಗ ಬಳೆ ಸೀಲನ್ನು ಸರಿಯಾಗಿ ಕೊಯ್ಯುತ್ತದೆ. ‘ಕಟ್’ ಅಂದ ಮೇಲೆ ಡಬ್ಬಿಯ ಮೇಲಿನ ದೂರದ ತಾರೀಖಿಗೆ ಅರ್ಥವಿಲ್ಲ. ಫ್ರಿಜ್‌ಗೆ ಹೋಗಬೇಕು, ಡಬ್ಬಿಯ ಮೇಲೆ ಹೇಳಿದಷ್ಟು ದಿನದಲ್ಲಿ ಮುಗಿಯಬೇಕು.

ಈಗ ಪ್ಲಾಸ್ಟರ್ ಇಲ್ಲ. ಬಲಗೈ ಬಹುತೇಕ ಸರಿಯಾಗಿದೆ. ಆದರೂ ಮನೆಗೆ ಹೊಸ ಡಬ್ಬಿ ಬಂದರೆ ಮೊದಲು ಎಡಗೈ ಒಂದರಲ್ಲೇ ತೆರೆದು ನೋಡುತ್ತೇನೆ. ಕಳೆದ ತಿಂಗಳು ಬಂದ ಒಂದು ಡಬ್ಬಿ ತೆರೆಯಲೇ ಇಲ್ಲ. ಮುಚ್ಚಳ ಚಿಕ್ಕದು, ಅಂಚು ನುಣುಪು, ಒಳಗೆ ಮತ್ತೆ ಅದೇ ಉಂಗುರ. ಅದನ್ನು ಮಾಡಿದವರಿಗೆ ಒಂದು ಕಾಗದ ಬರೆದು, ಕತ್ತರಿಸಿ ಇಟ್ಟಿದ್ದ ಹಳೇ ಡಬ್ಬಿಯ ಆ ಹಲ್ಲಿನ ಬಳೆಯ ಫೋಟೋ ಜೊತೆಗಿಟ್ಟು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬಂದರೆ ಇಲ್ಲೇ ಹಾಕುತ್ತೇನೆ.