ಸತ್ಯಾಂಶ: ರ‍್ಯಾಮ್ ಒಂದನ್ನೇ ಹೆಚ್ಚಿಸಿದರೆ ವಿಡಿಯೊ ಎಡಿಟಿಂಗ್ ಸರಾಗವಾಗದು

‘ಹಳೆಯ ಕಂಪ್ಯೂಟರಿಗೆ 32 ಜಿಬಿ ರ‍್ಯಾಮ್ ಹಾಕಿಸಿ, 4ಕೆ ವಿಡಿಯೊ ಸಲೀಸಾಗಿ ಎಡಿಟ್ ಮಾಡಿ’ ಎಂಬ ಸಂದೇಶವನ್ನು ನಂಬಿ, ಮನೆಯ ಮದುವೆಯ ವಿಡಿಯೊ ತಾವೇ ಸಿದ್ಧಪಡಿಸಬೇಕೆಂದಿರುವ ಬಾಗಲಕೋಟೆಯ ಕೆಲವರು ಅಂಗಡಿಗೆ ಹೊರಟಿದ್ದಾರೆ. ರ‍್ಯಾಮ್ ಎಂದರೆ ಕಂಪ್ಯೂಟರು ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿ. ಈ ಮಾತು ಅರ್ಧದಷ್ಟೇ ನಿಜ.

4ಕೆ ವಿಡಿಯೊದ ಒಂದು ಫ್ರೇಮಿನಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಇದು ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಮೊಬೈಲು ಇದನ್ನು ಎಚ್.264 ಅಥವಾ ಎಚ್‌ಇವಿಸಿ ವಿಧಾನದಲ್ಲಿ ಕುಗ್ಗಿಸುವಾಗ ಹೆಚ್ಚಿನ ಫ್ರೇಮುಗಳನ್ನು ಪೂರ್ತಿಯಾಗಿ ಉಳಿಸದೆ, ಆಸುಪಾಸಿನ ಫ್ರೇಮುಗಳಿಗಿಂತ ಬದಲಾದದ್ದನ್ನಷ್ಟೇ ಬರೆದಿಡುವುದರಿಂದ, ಅಕ್ಷತೆ ಬೀಳುವ ಕ್ಷಣದಲ್ಲಿ ನಿಲ್ಲಿಸಿ ಕತ್ತರಿಸಬೇಕೆಂದರೂ ಕಂಪ್ಯೂಟರು ಹಲವು ಫ್ರೇಮುಗಳನ್ನು ಬಿಡಿಸಿ ಲೆಕ್ಕ ಹಾಕಬೇಕಾಗುತ್ತದೆ. ಆ ಕೆಲಸ ಪ್ರೊಸೆಸರಿನದು, ಇಲ್ಲವೇ ಗ್ರಾಫಿಕ್ಸ್ ಚಿಪ್ಪಿನಲ್ಲಿರುವ ಡಿಕೋಡರಿನದು. ರ‍್ಯಾಮ್ ಬಿಡಿಸಿದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೆ. ವಿಡಿಯೊ ತಡವರಿಸುವಾಗ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ: ಸಿಪಿಯು (ಅಂದರೆ ಪ್ರೊಸೆಸರ್) 100% ಮುಟ್ಟಿದ್ದು, ಮೆಮೊರಿ ಅರ್ಧ ಖಾಲಿಯಿದ್ದರೆ ಹೊಸ ರ‍್ಯಾಮಿಗೆ ಹಣ ಹಾಕುವುದು ವ್ಯರ್ಥ.

8 ಜಿಬಿ ಇರುವವರಿಗೆ 16 ಜಿಬಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಹೊಸದನ್ನು ಕೊಳ್ಳುವವರು ಮೊದಲು ಡಿಕೋಡರನ್ನು ವಿಚಾರಿಸಬೇಕೆಂಬುದು ನನ್ನ ಸಲಹೆ. ಇಂಟೆಲ್‌ನಲ್ಲಿ 10 ಬಿಟ್ (ಬಣ್ಣದ ಛಾಯೆಗಳನ್ನು ಹೆಚ್ಚು ಸೂಕ್ಷ್ಮವಾಗಿ ದಾಖಲಿಸುವ) ಎಚ್‌ಇವಿಸಿಗೆ 7ನೇ ತಲೆಮಾರಿನ ಪ್ರೊಸೆಸರಿನಿಂದ ಈಚೆಗೆ ಅದು ಇದೆ, ಆದರೆ ಹೆಸರಿನ ಕೊನೆಗೆ ಎಫ್ ಅಕ್ಷರವಿರುವ ಮಾದರಿಗಳಲ್ಲಿ ಒಳಗಿನ ಗ್ರಾಫಿಕ್ಸೇ ಇರುವುದಿಲ್ಲ, ಹಾಗಾಗಿ ಈ ಡಿಕೋಡರೂ ಇರದು. ವೇಗದ ಡಿಸ್ಕ್ ಆದ ಎಸ್‌ಎಸ್‌ಡಿಯೂ ಬೇಕು: ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಚಿತ್ರೀಕರಿಸಿದ ಒಂದು ಗಂಟೆಯ ವಿಡಿಯೊ 45 ಜಿಬಿ ಆಗುತ್ತದೆ.

ಹಳೆಯ ಕಂಪ್ಯೂಟರನ್ನೇ ಬಳಸಬೇಕಾದವರು ಪ್ರಾಕ್ಸಿ, ಅಂದರೆ ಕಡಿಮೆ ಗಾತ್ರದ ನಕಲು ಪ್ರತಿ ಮಾಡಿಕೊಂಡು ಎಡಿಟ್ ಮಾಡಿ, ಕೊನೆಗೆ ಮೂಲ ವಿಡಿಯೊದಿಂದಲೇ ರೆಂಡರ್ ಮಾಡಬಹುದು, ಅಂದರೆ ಅಂತಿಮ ವಿಡಿಯೊ ತಯಾರಿಸಬಹುದು.