ಗೋಡೆಯ ಮುಖ, ಕರೆಂಟಿನ ಸಿಟ್ಟು

ಮನೆಯ ಗೋಡೆಯ ಸಾಕೆಟ್ಟನ್ನು ಯಾರೂ ನೋಡುವುದಿಲ್ಲ. ಕೈ ತಾನಾಗಿ ಹೋಗಿ ಪ್ಲಗ್ ಸಿಕ್ಕಿಸಿ ಬರುತ್ತದೆ. ಪರದೇಶದ ಹೋಟೆಲ್ ಕೋಣೆಗೆ ಕಾಲಿಟ್ಟಾಗಲೇ ಅದಕ್ಕೊಂದು ಮುಖವಿದೆ ಎಂಬುದು ಗೊತ್ತಾಗುವುದು. ಡೆನ್ಮಾರ್ಕಿನ ಸಾಕೆಟ್ಟಿಗೆ ಎರಡು ದುಂಡು ಕಣ್ಣು, ಕೆಳಗೆ ಅರ್ಧಚಂದ್ರದ ಬಾಯಿ; ಸದಾ ನಗುಮುಖ. ಅಮೆರಿಕದ್ದು ಏನೋ ಕಂಡು ಬೆಚ್ಚಿ ಬಾಯಿ ತೆರೆದುಕೊಂಡಿದೆ. ಆಸ್ಟ್ರೇಲಿಯಾದ ಸಾಕೆಟ್ಟಿನ ಕಣ್ಣುಗಳು ಓರೆ, ಅಳುವುದೊಂದು ಬಾಕಿ. ಇಟಲಿಯದು ಮೂರು ತೂತು ಒಂದೇ ಸಾಲಿನಲ್ಲಿ, ಯಾವ ಭಾವವೂ ಇಲ್ಲ. ಜಗತ್ತಿನ ಈ ಮುಖಗಳಿಗೆಲ್ಲ ‘ಎ’ಯಿಂದ ‘ಒ’ವರೆಗೆ ಇಂಗ್ಲಿಷಿನ ಹದಿನೈದು ಅಕ್ಷರಗಳ ಹೆಸರಿಟ್ಟಿದ್ದಾರೆ. ಹೋಗುವ ದೇಶದ ಅಕ್ಷರ ಯಾವುದೆಂದು ಟಿಕೆಟ್ ಜತೆಗೇ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧವೇ ತಾಪತ್ರಯದ್ದು. ಮುಖ ಬೇರೆ, ಒಳಗಿನ ಸಿಟ್ಟು ಬೇರೆ. ಜಪಾನಿನ ಗೋಡೆಯಲ್ಲಿರುವುದು 100 ವೋಲ್ಟ್, ಅಮೆರಿಕದಲ್ಲಿ 120, ಯುರೋಪಿನಲ್ಲಿ 230. ಬ್ರೆಜಿಲ್‌ನಲ್ಲಂತೂ ಮುಖ ಒಂದೇ, ಸಿಟ್ಟು ಊರಿಗೊಂದು: ರಿಯೊದಲ್ಲಿ 127 ವೋಲ್ಟ್, ರಾಜಧಾನಿ ಬ್ರೆಸಿಲಿಯಾದಲ್ಲಿ 220. ಅಡಾಪ್ಟರ್ ಎನ್ನುವುದು ಬರೀ ದುಭಾಷಿ. ಬಿಚ್ಚಿ ನೋಡಿದರೆ ಪ್ಲಾಸ್ಟಿಕ್ಕಿನೊಳಗೆ ನಾಲ್ಕಾರು ಹಿತ್ತಾಳೆ ಪಟ್ಟಿ. ಈ ಕಡೆಯ ಪಿನ್ನನ್ನು ಆ ಕಡೆಯ ತೂತಿಗೆ ಮುಟ್ಟಿಸುವುದಷ್ಟೇ ಅದರ ಉದ್ಯೋಗ. ಆ ಕಡೆಯವನ ಬೈಗುಳವನ್ನು ಒಂದಕ್ಷರ ಬಿಡದೆ ಈ ಕಡೆಗೆ ದಾಟಿಸುತ್ತದೆ.

ಹಾಗಾದರೆ ಬೈಗುಳ ತಡೆದುಕೊಳ್ಳುವವರು ಯಾರು? ಉತ್ತರ ಚಾರ್ಜರಿನ ಹೊಟ್ಟೆಯ ಮೇಲೇ ಇದೆ. ಬೂದು ಬಣ್ಣದಲ್ಲಿ ಇರುವೆ ಸಾಲಿನಂಥ ಅಕ್ಷರ. ಬರಿಗಣ್ಣಿಗೆ ಕಾಣದು, ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದಬೇಕು. ‘ಇನ್‌ಪುಟ್’ ಎಂಬ ಪದದ ಮುಂದೆ ‘100-240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಅದು ಎಲ್ಲೂ ಬದುಕುವ ಪ್ರಾಣಿ. ಮೊಬೈಲ್, ಲ್ಯಾಪ್‌ಟಾಪ್, ಕ್ಯಾಮೆರಾ ಚಾರ್ಜರುಗಳು ಹೆಚ್ಚುಕಡಿಮೆ ಎಲ್ಲವೂ ಹೀಗೇ. ಬಂದ ಕರೆಂಟನ್ನು ಮೊದಲು ಒಂದೇ ದಿಕ್ಕಿಗೆ ಹರಿಯುವ ಡಿಸಿ ಮಾಡಿಕೊಂಡು, ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಡರಿಸಿ, ಬೇಕಾದಷ್ಟನ್ನೇ ಒಳಕ್ಕೆ ಬಿಟ್ಟುಕೊಳ್ಳುತ್ತವೆ. ‘220-240’ ಎಂದೋ ‘120’ ಎಂದೋ ಒಂದೇ ಮಟ್ಟದ ಅಂಕಿ ಇದ್ದರೆ ಮಾತ್ರ ಅದನ್ನು ಮನೆಯಲ್ಲೇ ಬಿಟ್ಟು ಹೋಗುವುದು ಕ್ಷೇಮ.

ಅಂಥ ಒಂದಂಕಿಯ ಗಿರಾಕಿಗಳೆಂದರೆ ಬಿಸಿಯಾಗುವ ಸಾಮಾನುಗಳು: ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್. ಇವುಗಳಲ್ಲಿ ಲೆಕ್ಕ ಒಂದಕ್ಕೆರಡಲ್ಲ, ಒಂದಕ್ಕೆ ನಾಲ್ಕು. 120 ವೋಲ್ಟಿನಲ್ಲಿ 1500 ವಾಟ್ ಉಣ್ಣುವ ಡ್ರೈಯರಿನ ಕಾಯಿಲ್ ಕರೆಂಟಿಗೆ ಒಡ್ಡುವ ತಡೆ ಸುಮಾರು 9.6 ಓಮ್. ಅದನ್ನೇ 240 ವೋಲ್ಟಿಗೆ ಸಿಕ್ಕಿಸಿದರೆ 25 ಆಂಪಿಯರ್ ಹರಿದು, ಲೆಕ್ಕ 6000 ವಾಟಿಗೆ ಹೋಗುತ್ತದೆ. ಫ್ಯಾನು ಒಮ್ಮೆ ಕಿರುಚುತ್ತದೆ, ಕಾಯಿಲ್ ಬೆಳ್ಳಗೆ ಹೊಳೆಯುತ್ತದೆ, ಸುಟ್ಟ ವಾಸನೆ ಮೂಗಿಗೆ ಬರುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಪುಣ್ಯವಿದ್ದರೆ ಅದಕ್ಕೂ ಮೊದಲೇ ಬ್ರೇಕರ್ ಬಿದ್ದು ಕೋಣೆ ಕತ್ತಲಾಗುತ್ತದೆ. ತಿರುಗುಮುರುಗಾದರೆ ಅಪಾಯವಿಲ್ಲ, ಬೇಸರ ಮಾತ್ರ. 240ರ ಡ್ರೈಯರ್ 120ರಲ್ಲಿ ಕಾಲು ಪಾಲು ಶಕ್ತಿಗಿಳಿದು, ಜ್ವರ ಬಂದವರ ಉಸಿರಿನ ಹಾಗೆ ಊದುತ್ತ ಕೂರುತ್ತದೆ. ಪ್ರಯಾಣಕ್ಕೆಂದೇ ಮಾಡಿದ ಡ್ರೈಯರುಗಳಲ್ಲಿ ವೋಲ್ಟೇಜ್ ಬದಲಿಸಲು ನಾಣ್ಯದ ಅಂಚಿನಿಂದ ತಿರುಗಿಸುವ ಸಣ್ಣ ಸ್ವಿಚ್ ಇರುತ್ತದೆ. ಹೋಗುವಾಗ ಎಲ್ಲರೂ ನೆನಪಿಟ್ಟು ತಿರುಗಿಸುತ್ತಾರೆ. ಅವು ಸುಡುವುದು ಮನೆಗೆ ಮರಳಿದ ಮೇಲೆ.

ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಒಯ್ಯಬಹುದಲ್ಲ ಎಂದರೆ, 1500 ವಾಟಿನದು ಹಲವು ಕಿಲೋ ತೂಗುತ್ತದೆ. ಕೂದಲು ಒಣಗಿಸಲು ಅಷ್ಟು ಕಬ್ಬಿಣ ಹೊರುವುದಕ್ಕಿಂತ ಹೋಟೆಲಿನ ಡ್ರೈಯರ್ ಕೇಳುವುದು ಮರ್ಯಾದೆ. ಅಂಗೈಯಗಲದ ಹಗುರ ಕನ್ವರ್ಟರುಗಳೂ ಸಿಗುತ್ತವೆ. ಅವು ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುತ್ತವೆ. ಬರೀ ಕಾಯಿಲ್ ಇರುವ ಸಾಮಾನಿಗೆ ಸರಿ, ಎಲೆಕ್ಟ್ರಾನಿಕ್ ಸಾಮಾನಿಗೆ ಬೇಡವೇ ಬೇಡ. ಇನ್ನು, ಫ್ರೀಕ್ವೆನ್ಸಿಯನ್ನು, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಓಲಾಡುತ್ತದೆ ಎಂಬ ಹರ್ಟ್ಸ್ ಲೆಕ್ಕವನ್ನು, ಟ್ರಾನ್ಸ್‌ಫಾರ್ಮರ್ ಕೂಡ ಬದಲಿಸದು. ಲೈನಿನ ಹರ್ಟ್ಸ್ ಎಣಿಸಿಕೊಂಡು ಓಡುವ 60 ಹರ್ಟ್ಸಿನ ಗಡಿಯಾರ 50ರ ನಾಡಿನಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಅದಕ್ಕೆ ಗಡಿ ದಾಟಲೂ ಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟೋಕಿಯೊ ಜರ್ಮನಿಯ ಜನರೇಟರ್ ತರಿಸಿತು, ಒಸಾಕಾ ಅಮೆರಿಕದ್ದು ತರಿಸಿತು. ಇಂದಿಗೂ ಜಪಾನಿನ ಪೂರ್ವ ಭಾಗ 50 ಹರ್ಟ್ಸ್, ಪಶ್ಚಿಮ ಭಾಗ 60.

ಪ್ಲಗ್ಗುಗಳ ಪೈಕಿ ಬ್ರಿಟನ್ನಿನದು ಗಡವ. 1947ರ ಬಿಎಸ್ 1363 ಎಂಬ ಮಾನಕದ ಕೂಸು. ಮೇಲಿನ ಅರ್ಥ್ ಪಿನ್ ಉಳಿದೆರಡಕ್ಕಿಂತ ಉದ್ದ. ಅದು ಮೊದಲು ಒಳಹೊಕ್ಕು ಕೆಳಗಿನ ತೂತುಗಳ ಬಾಗಿಲು ತೆರೆಯುತ್ತದೆ, ಆಮೇಲೆ ಉಳಿದವಕ್ಕೆ ಪ್ರವೇಶ. ಅಲ್ಲಿ ಎರಡು ಪಿನ್ನಿನ ಯುರೋಪಿನ ಪ್ಲಗ್ ನುಗ್ಗಿಸಲು ಮೇಲಿನ ತೂತಿಗೆ ಪೆನ್ನು ಚುಚ್ಚುವವರಿದ್ದಾರೆ. ದಯವಿಟ್ಟು ಬೇಡ, ಆ ಸಪೂರ ಪಿನ್ನುಗಳು ಸಡಿಲಾಗಿ ಕೂತು ಕಿಡಿ ಹಾರಿಸುತ್ತವೆ, ಫ್ಯೂಸೂ ತಪ್ಪಿಹೋಗುತ್ತದೆ. ಅಲ್ಲಿನ ಗೋಡೆಯ ಸರ್ಕಿಟ್ 32 ಆಂಪಿಯರಿನದು. ಅಷ್ಟು ದೊಡ್ಡ ಬ್ರೇಕರ್ ತೆಳು ವಯರನ್ನು ಕಾಯಲಾರದು ಎಂದೇ ಪ್ರತಿ ಪ್ಲಗ್ಗಿನೊಳಗೂ 3 ಅಥವಾ 13 ಆಂಪಿಯರಿನ ಫ್ಯೂಸು ಇಟ್ಟಿದ್ದಾರೆ.

ಅರ್ಥ್ ವಿಚಾರ ಬಂತು. ‘ಎಲ್ಲ ದೇಶಗಳಿಗೂ’ ಎಂದು ಮಾರುವ ಅಡಾಪ್ಟರುಗಳು ಎಷ್ಟೋ ಸಲ ಅರ್ಥನ್ನು ಮುಂದಕ್ಕೆ ದಾಟಿಸುವುದೇ ಇಲ್ಲ. ಲೋಹದ ಮೈಯ ಲ್ಯಾಪ್‌ಟಾಪಿನ ಮೇಲೆ ಬೆರಳಾಡಿಸಿದರೆ ಜುಮ್ ಎನ್ನುವುದು ಅದಕ್ಕೇ. ಚಾರ್ಜರಿನೊಳಗಿನ ಕೆಪಾಸಿಟರ್ ದಾಟಿ ಬಂದ ಅತಿ ಸಣ್ಣ ಕರೆಂಟು ಹೋಗಲು ದಾರಿ ಕಾಣದೆ ಬೆರಳಿಗೆ ಬರುತ್ತದೆ. ಅಡಾಪ್ಟರಿನ ಮೇಲೆ ‘6 ಆಂಪಿಯರ್’ ಎಂದಿದ್ದರೆ 230 ವೋಲ್ಟಿನಲ್ಲಿ ಅದು 1400 ವಾಟಿನಷ್ಟು ತಾಳುತ್ತದೆ, ಜಪಾನಿನಲ್ಲಿ 600 ಮಾತ್ರ. ಒಂದೇ ಅಡಾಪ್ಟರಿಗೆ ಮನೆಯ ಎಕ್ಸ್‌ಟೆನ್ಶನ್ ಬೋರ್ಡ್ ಸಿಕ್ಕಿಸಿ ನಾಲ್ಕು ಚಾರ್ಜರ್ ಹಾಕುವುದು ಜಾಣತನವೇ. ಆದರೆ ವೋಲ್ಟೇಜ್ ಹಠಾತ್ತನೆ ಏರಿದರೆ ತಡೆಯಲೆಂದು 120 ವೋಲ್ಟಿಗೆ ಮಾಡಿದ ಸರ್ಜ್ ಪ್ರೊಟೆಕ್ಟರ್ ಬೋರ್ಡು 230 ಕಂಡ ಕೂಡಲೇ ಸುಟ್ಟುಕೊಳ್ಳುತ್ತದೆ.

ಕೋಣೆಯ ಕೀ ಕಾರ್ಡ್ ತೆಗೆದುಕೊಂಡು ತಿರುಗಾಡಲು ಹೊರಟರೆ ಸಾಕೆಟ್ಟುಗಳೂ ನಿದ್ದೆಗೆ ಜಾರುವ ಹೋಟೆಲುಗಳಿವೆ. ಅಂಥಲ್ಲಿ ಫ್ರಿಜ್ಜಿನ ಪಕ್ಕದ ಸಾಕೆಟ್ ಎಚ್ಚರವಾಗಿದೆಯೇ ನೋಡಿ. ಅಡಾಪ್ಟರಿಗೊಂದು ಕೆಂಪು ದಾರ ಕಟ್ಟಿ. ಖಾಲಿ ಮಾಡುವ ಬೆಳಿಗ್ಗೆ ಚಾರ್ಜರನ್ನು ಎಳೆದರೆ ಅದೊಂದೇ ಕೈಗೆ ಬರುತ್ತದೆ, ಬಿಳಿಯ ಅಡಾಪ್ಟರ್ ಬಿಳಿ ಗೋಡೆಯಲ್ಲಿ ಮೂಗಿನ ಹಾಗೆ ಉಳಿದುಬಿಡುತ್ತದೆ. ಇಲ್ಲದವರು ಅಂಗಡಿ ಹುಡುಕುವ ಮೊದಲು ರಿಸೆಪ್ಶನ್ನಿನಲ್ಲಿ ಒಮ್ಮೆ ಕೇಳಿ. ಹಾಗೆ ಉಳಿದುಹೋದ ಮೂಗುಗಳು ಅವರ ಡ್ರಾಯರಿನಲ್ಲಿ ಇರುವುದುಂಟು.