ಮಾಮ, ಸೈನ್ ಮಾಡ್ಲಾ?

ಕಳೆದ ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಅಕ್ಕನ ಮಗ ಫೋನ್ ಮಾಡಿದ. ಅವನು ಅಮೆರಿಕದ ಡಲ್ಲಾಸ್‌ಗೆ ಬಂದು ಐದು ವಾರ ಆಗಿದೆ.

"ಮಾಮ, ಕಾರ್ ಶೋರೂಮಲ್ಲಿದ್ದೀನಿ. ತಿಂಗಳಿಗೆ 309 ಡಾಲರ್ ಅಂತೆ. ಸೈನ್ ಮಾಡ್ಲಾ?"

"ಬಡ್ಡಿ ಎಷ್ಟಂತೆ?"

ಅದನ್ನು ಅವನು ಕೇಳಿರಲೇ ಇಲ್ಲ. ಕೇಳಿಕೊಂಡು ಬಂದ. 15,000 ಡಾಲರ್ ಸಾಲ, 14 ಪರ್ಸೆಂಟ್, 72 ತಿಂಗಳು.

"ಬಾತ್‌ರೂಮಿಗೆ ಹೋಗಿ ಬರ್ತೀನಿ ಅಂತ ಹೇಳಿ ಆಚೆ ಬಾ" ಅಂದೆ.

ಲೆಕ್ಕ ನೋಡಿ. ಇದೇ ಸಾಲ 6 ಪರ್ಸೆಂಟಿಗೆ 60 ತಿಂಗಳಿಗೆ ಸಿಕ್ಕಿದ್ದರೆ ಕಂತು 290 ಡಾಲರ್. ತಿಂಗಳಿಗೆ 19 ಡಾಲರ್ ವ್ಯತ್ಯಾಸ, ಒಂದು ಸಲ ಹೊರಗೆ ದೋಸೆ ತಿಂದಷ್ಟು. ಆದರೆ ಕೊನೆಗೆ ಕಟ್ಟಿದ ಬಡ್ಡಿ ಕೂಡಿಸಿದರೆ ಒಂದು ಕಡೆ 2,400, ಇನ್ನೊಂದು ಕಡೆ 7,250. ಅದಕ್ಕೇ ಅಲ್ಲಿ ಯಾರೂ ಬಡ್ಡಿಯ ಮಾತು ಎತ್ತುವುದಿಲ್ಲ. "ತಿಂಗಳಿಗೆ ಎಷ್ಟು ಕಟ್ಟೋಕಾಗುತ್ತೆ?" ಅಂತ ಮಾತ್ರ ಕೇಳುತ್ತಾರೆ. ಇನ್ನೊಂದು ತಮಾಷೆ ಅಂದರೆ ಹುಡುಗನ ಕೈಲಿರುವ ಎಚ್-1ಬಿ ಅನ್ನುವ ಕೆಲಸದ ವೀಸಾ ಮೂರು ವರ್ಷದ್ದು. ಮುಂದುವರಿಸಿದರೂ ಸಾಮಾನ್ಯವಾಗಿ ಆರು ವರ್ಷ. ಸಾಲವೂ ಸರಿಯಾಗಿ ಆರು ವರ್ಷ!

ಅವನ ಸಂಬಳ ಚೆನ್ನಾಗಿದೆ. ಮತ್ತೆ 14 ಯಾಕೆ? ಕ್ರೆಡಿಟ್ ಸ್ಕೋರ್ ಇಲ್ಲ, ಅಂದರೆ ಸಾಲ ಸರಿಯಾಗಿ ತೀರಿಸುತ್ತಾನಾ ಅಂತ ಹೇಳುವ ಅಂಕ. ಕಡಿಮೆ ಇದೆ ಅಂತಲ್ಲ, ಇಲ್ಲವೇ ಇಲ್ಲ. ಇಲ್ಲಿ ನೋಡುವ ಫೈಕೋ ಸ್ಕೋರ್ 300ರಿಂದ 850ರವರೆಗೆ ಹೋಗುತ್ತದೆ. ಆದರೆ ಆ ಪಟ್ಟಿಯಲ್ಲಿ ನಿಮ್ಮ ಹೆಸರು ಹತ್ತಬೇಕಾದರೆ ಸಾಲದ್ದೋ ಕ್ರೆಡಿಟ್ ಕಾರ್ಡಿನದ್ದೋ ಒಂದು ಖಾತೆ ಕನಿಷ್ಠ ಆರು ತಿಂಗಳು ಹಳೆಯದಾಗಿರಬೇಕು. ಊರಲ್ಲಿ ಇವನ ಸಿಬಿಲ್ ಸ್ಕೋರ್ 790 ಇತ್ತು. ಅದು ವಿಮಾನ ಹತ್ತುವುದಿಲ್ಲ. ಸಿಬಿಲ್‌ನ ಈಗಿನ ಪೂರ್ತಿ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. ಅಮೆರಿಕದಲ್ಲಿ ನಮ್ಮ ಸಾಲದ ಜಾತಕ ಇಟ್ಟುಕೊಳ್ಳುವ ಮೂರು ಕಂಪನಿಗಳಲ್ಲಿ ಒಂದು ಅದೇ ಟ್ರಾನ್ಸ್‌ಯೂನಿಯನ್. ಅಂಗಡಿ ಒಬ್ಬರದೇ, ಖಾತೆ ಪುಸ್ತಕ ಬೇರೆ ಬೇರೆ.

ನಾನು 2012ರಲ್ಲಿ ಬಂದಾಗ ಇದೆಲ್ಲ ಹೇಳುವವರು ಇರಲಿಲ್ಲ. ಇದ್ದರೋ ಏನೋ, ನಾನು ಕೇಳಲಿಲ್ಲ. ಸಾಲವೇ ಮಾಡದೆ ಬೆಳೆದವನು ನಾನು. ಅಪ್ಪ ಫ್ರಿಜ್ ತಂದಿದ್ದೂ ಪೂರ್ತಿ ದುಡ್ಡು ಕೂಡಿಟ್ಟ ಮೇಲೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮನೆ. ಇಲ್ಲಿ ನೋಡಿದರೆ ಹಾಸಿಗೆಯನ್ನೇ ಬಾಡಿಗೆಗೆ ತಂದು, ಹೊತ್ತಿಗೆ ಸರಿಯಾಗಿ ವಾಪಸ್ ಕೊಟ್ಟು ತೋರಿಸಬೇಕು. ಬೆಂಗಳೂರಿನ ಬ್ಯಾಂಕಿನ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಶೋರೂಮಿನವನು ಅದನ್ನು ಯಾರದೋ ಮದುವೆ ಪತ್ರಿಕೆ ನೋಡುವ ಹಾಗೆ ನೋಡಿ, ನಕ್ಕು ವಾಪಸ್ ಕೊಟ್ಟ. ನನಗೆ ಅವಮಾನ ಆಯ್ತು. ಆ ರೋಷದಲ್ಲೇ 17 ಪರ್ಸೆಂಟಿಗೆ ಸೈನ್ ಹಾಕಿದೆ. ಜೊತೆಗೆ ಹೆಚ್ಚುವರಿ ವಾರಂಟಿ, ಬಣ್ಣ ಹೋಗದಿರಲು ಏನೋ ಲೇಪ, ಟೈರಿಗೆ ನೈಟ್ರೋಜನ್. ಸುಮ್ನೆ ಗಾಳಿ ತುಂಬಿಸಿದ್ದರೂ ಅದರಲ್ಲಿ 78 ಪರ್ಸೆಂಟ್ ನೈಟ್ರೋಜನ್ನೇ ಇರುತ್ತಿತ್ತು! ಮೂರು ದಿನದೊಳಗೆ ವಾಪಸ್ ಕೊಡಬಹುದು ಅನ್ನುವ ಕಾನೂನಿದೆ ಅಂತ ಯಾರೋ ಹೇಳಿದ್ದರು. ಶೋರೂಮಲ್ಲಿ ಕೊಂಡ ಕಾರಿಗೆ ಆ ಕಾನೂನು ಅನ್ವಯಿಸುವುದಿಲ್ಲ.

ಆಮೇಲೆ ಗೊತ್ತಾದದ್ದು ಇನ್ನೊಂದಿದೆ. ಬ್ಯಾಂಕು 10 ಪರ್ಸೆಂಟಿಗೆ ಒಪ್ಪಿದ್ದರೂ ಶೋರೂಮಿನವರು ನಿಮಗೆ 12 ಅಂತ ಹೇಳಬಹುದು. ನಡುವಿನ ದುಡ್ಡಲ್ಲಿ ಅವರಿಗೂ ಪಾಲು ಸಿಗುತ್ತದೆ. ಇದು ಕಳ್ಳತನವೇನಲ್ಲ, ಅವರ ವ್ಯಾಪಾರವೇ ಹಾಗೆ. ಅದಕ್ಕೇ ಮೊದಲು ಕ್ರೆಡಿಟ್ ಯೂನಿಯನ್‌ನಲ್ಲಿ ಕೇಳಿ. ನಮ್ಮ ಸಹಕಾರಿ ಪತ್ತಿನ ಸಂಘ ಇದ್ದ ಹಾಗೆ, ಸದಸ್ಯರದ್ದೇ ಸಂಸ್ಥೆ. ಇಷ್ಟು ಬಡ್ಡಿಗೆ ಸಾಲ ಕೊಡ್ತೀವಿ ಅಂತ ಅಲ್ಲಿಂದ ಒಂದು ಪತ್ರ ಕೈಲಿದ್ದರೆ ಶೋರೂಮಲ್ಲಿ ಮಾತಿನ ಧಾಟಿಯೇ ಬದಲಾಗುತ್ತದೆ. ನಾನೂ ಒಂದು ವರ್ಷದ ಮೇಲೆ ನನ್ನ ಸಾಲವನ್ನು ಅಲ್ಲಿಗೇ ವರ್ಗಾಯಿಸಿ ಉಸಿರು ಬಿಟ್ಟೆ.

"ಹೊಸ ಕಾರೇ ತಗೊಳ್ಳಿ, ಸ್ಕೋರೂ ಬೆಳೆಯುತ್ತೆ" ಅನ್ನುವ ಗೆಳೆಯರು ತುಂಬಾ ಜನ ಇದ್ದಾರೆ. ಬೆಳೆಯುತ್ತದೆ, ನಿಜ. ಆದರೆ ಏಳು ಸಾವಿರ ಡಾಲರ್ ಸುರಿದು ಬೆಳೆಸುವ ಬೆಳೆಯಾ ಅದು? ನನ್ನ ಪ್ರಕಾರ ಇಲ್ಲಿನ ಮೊದಲ ಕಾರು ಹಳೆಯದಾಗಿರಲಿ, ಪೂರ್ತಿ ದುಡ್ಡು ಕೊಟ್ಟು ತಗೊಂಡದ್ದಾಗಿರಲಿ. ಊರಿಗೆ ವಾಪಸ್ ಹೊರಟವರು ಕಾರು ಮಾರುತ್ತಲೇ ಇರುತ್ತಾರೆ. ಎಲ್ಲರ ಕೈಲೂ ಅಷ್ಟು ದುಡ್ಡು ಇರುವುದಿಲ್ಲ, ಗೊತ್ತು. ಡಲ್ಲಾಸ್ ಬಿಸಿಲಲ್ಲಿ ಕಾರಿಲ್ಲದೆ ಹಾಲು ತರುವುದೂ ಕಷ್ಟ. ಆ ಅವಸರಕ್ಕೇ ಜನ ಸೈನ್ ಹಾಕುವುದು. ಒಂದು ತಿಂಗಳು ಸಹೋದ್ಯೋಗಿಯ ಕಾರಲ್ಲಿ ಹೋಗಿ ಬನ್ನಿ, ಏನೂ ಕಿರೀಟ ಬೀಳುವುದಿಲ್ಲ.

ನಮ್ಮ ಹುಡುಗನಿಗೆ ಮೈಸೂರಿಗೆ ಹೊರಟಿದ್ದ ಒಂದು ಸಂಸಾರದ 2011ರ ಕೊರೊಲ್ಲಾ ಸಿಕ್ಕಿತು. 5,800 ಡಾಲರ್. ಮೊದಲು ಮೆಕ್ಯಾನಿಕ್ ಹತ್ತಿರ ತೋರಿಸಿದೆವು. ಟೈಟಲ್, ಅಂದರೆ ಕಾರಿನ ಮಾಲೀಕತ್ವದ ಪತ್ರದ ಮೇಲೆ ಯಾವುದೂ ಹಳೇ ಸಾಲದ ಗುರುತಿಲ್ಲ ಅಂತ ನೋಡಿಕೊಂಡೆವು. ಆಮೇಲೆ ಮಾರುವವರನ್ನೂ ಕರೆದುಕೊಂಡೇ ಕೌಂಟಿ ಟ್ಯಾಕ್ಸ್ ಆಫೀಸಿಗೆ ಹೋಗಿ ಕಾರನ್ನು ಹುಡುಗನ ಹೆಸರಿಗೆ ಮಾಡಿಸುವ 130-ಯು ಫಾರ್ಮ್ ಕೊಟ್ಟೆವು. ತೆರಿಗೆ 6.25 ಪರ್ಸೆಂಟ್. ಡಿಕ್ಕಿಯಲ್ಲಿ ಒಂದು ಕಾಯಿ ತುರಿಯುವ ಮಣೆ ಇತ್ತು. "ಅದನ್ನೂ ಇಟ್ಕೊಳ್ಳಪ್ಪ" ಅಂದರು ಆ ಅಮ್ಮ.

ದುಡ್ಡಲ್ಲಿ ಅರ್ಧ ನಾನು ಕೊಟ್ಟೆ. ಬಡ್ಡಿ ಇಲ್ಲ, ಸ್ಕೋರೂ ಕೇಳಲಿಲ್ಲ. ಅವನು ಅದನ್ನು ನಿಯತ್ತಾಗಿ ತೀರಿಸಿದರೂ ಇಲ್ಲಿನ ಯಾವ ಪುಸ್ತಕದಲ್ಲೂ ಅದು ದಾಖಲಾಗುವುದಿಲ್ಲ. ಅದಕ್ಕೆ ಸ್ಕೋರ್ ಬೆಳೆಸೋಕೆ ಬೇರೆ ದಾರಿ ಹೇಳಿದೆ. ಬ್ಯಾಂಕಿನಲ್ಲಿ 500 ಡಾಲರ್ ಠೇವಣಿ ಇಡು, ಅದರ ಮೇಲೆ ಕ್ರೆಡಿಟ್ ಕಾರ್ಡ್ ಕೊಡ್ತಾರೆ, ಪೆಟ್ರೋಲ್ ಹಾಕಿಸಿ ತಿಂಗಳು ತಿಂಗಳು ಪೂರ್ತಿ ಕಟ್ಟು.

"ಅಂದ್ರೆ ನನ್ನ ದುಡ್ಡನ್ನ ಅವರಿಗೆ ಕೊಟ್ಟು, ಅವರ ಹತ್ರ ನಾನೇ ಸಾಲ ತಗೊಂಡು, ಆಮೇಲೆ ಮತ್ತೆ ನಾನೇ ತೀರಿಸ್ಬೇಕಾ ಮಾಮ?"

"ಹೂಂ ಕಣೋ."

"ಅಮ್ಮಂಗೆ ಇದನ್ನ ನೀವೇ ಹೇಳಿ."